ರೆಫ್ಯೂಸ್ಡ್ ಎಂದು ಬರೆದಿದ್ದಾರೆ

ಸೆಪ್ಟೆಂಬರ್ 1, 1996, ಭಾನುವಾರ

ಗಂಗಪ್ಪಣ್ಣ ಹೇಳಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಫ್ಯಾಕ್ಟರಿಯ ಹಳೇ ಫಿಟ್ಟರ್ ಅವರು, ಯೂನಿಯನ್ನಿನ ಕೆಲಸವನ್ನೂ ನೋಡುತ್ತಾರೆ. ಆದದ್ದನ್ನು ತಾರೀಕು ಹಾಕಿ ಬರೆದಿಡು, ಎನ್‌ಕ್ವೈರಿಯಲ್ಲಿ ಕೇಳಿದಾಗ ತಡವರಿಸಬೇಡ, ಯಾರಿಗೂ ತೋರಿಸುವುದು ಬೇಕಿಲ್ಲ ಅಂದರು. ನಾನು ಆರನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳು. ಒಂದು ಸಾಲು ಬರೆದರೆ ಎರಡು ಸಲ ತಿರುಗಿ ನೋಡುತ್ತೇನೆ, ಒತ್ತಕ್ಷರ ತಪ್ಪಿತೇನೋ ಅಂತ. ಯಾರೂ ನೋಡುವುದಿಲ್ಲವಲ್ಲ ಅಂದುಕೊಂಡರೂ ಕಳವಳ ಬಿಡುವುದಿಲ್ಲ.

ಆದದ್ದು ಇಷ್ಟು. ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲಿ ಸ್ವಿಚ್ಚಿನೊಳಗೆ ಕೂರುವ ಹಿತ್ತಾಳೆಯ ತುಂಡುಗಳನ್ನು ಪ್ರೆಸ್ಸಿನಲ್ಲಿ ಒತ್ತುತ್ತೇವೆ. ಮೂಲೆಯ ದೊಡ್ಡ ಪ್ರೆಸ್ಸಿಗೆ ಮೊದಲು ಗಾರ್ಡ್ ಇತ್ತು. ಬೆರಳು ಒಳಗೆ ಹೋಗದ ಹಾಗೆ ಅಡ್ಡ ನಿಲ್ಲುವ ಕಬ್ಬಿಣದ ಜಾಲರಿ ಅದು. ಅದಿದ್ದರೆ ಕೆಲಸ ನಿಧಾನ ಅಂತ ಬೇಸಿಗೆಯಲ್ಲಿ ಬಿಚ್ಚಿ ಗೋಡೆಗೆ ಒರಗಿಸಿದರು. ಹೋದ ತಿಂಗಳು ಹಬ್ಬದ ವಾರದಲ್ಲಿ ಅದರಲ್ಲಿ ಕೂರುತ್ತಿದ್ದ ಮಾರಕ್ಕನ ಎರಡು ಬೆರಳು ಹೋದವು. ನಾನು ಪಕ್ಕದ ಮಿಷನ್ನಿನಲ್ಲಿದ್ದೆ. ಅದನ್ನು ಬರೆಯುವುದಿಲ್ಲ.

ಮೊನ್ನೆ ಶುಕ್ರವಾರ ಆ ಪ್ರೆಸ್ಸಿಗೆ ಪೂಜೆ ಮಾಡಿಸಿದರು. ಮಲ್ಲಿಗೆ ಹಾರ, ಅರಿಶಿನ, ಕುಂಕುಮ, ನಿಂಬೆಹಣ್ಣು. ಬೂದುಗುಂಬಳಕಾಯಿ ಒಡೆದರು. ಪೂಜಾರಪ್ಪ ದೃಷ್ಟಿಯೆಲ್ಲ ಹೋಯಿತು ಅಂದ. ಗೋಡೆಗೆ ಒರಗಿದ್ದ ಗಾರ್ಡಿಗೂ ಕುಂಕುಮ ಹಚ್ಚಿದರು, ಎತ್ತಿ ಕೂರಿಸಲಿಲ್ಲ. ಆಮೇಲೆ ಸೂಪರ್‌ವೈಸರ್ ಕೊಟ್ರಪ್ಪ ಸಾರ್ ಎಲ್ಲರ ಎದುರಿಗೆ ನನ್ನನ್ನು ಕರೆದರು. ಮುನಿಯಮ್ಮ ಮುತ್ತೈದೆ, ಕೈಗುಣ ಒಳ್ಳೆಯದು, ಮೊದಲು ಅವಳೇ ಕೂರಲಿ ಅಂದರು.

ನನ್ನ ಕೈ ಎರಡೂ ಸೆರಗಿನೊಳಗೆ ಹೋದವು. ನಾನಾಗಿ ಕಳಿಸಲಿಲ್ಲ. ಮತ್ತೆ ಮತ್ತೆ ಕರೆದರು. ಒಂದು ಮಾತೂ ಆಡದೆ ನಿಂತೇ ಇದ್ದೆ. ಕೊನೆಗೆ ಅವರು ನನ್ನ ಪಕ್ಕದಲ್ಲಿದ್ದ ಹುಡುಗಿ ಶಾಂತಿಯನ್ನು ಕರೆದರು. ಅವಳು ಹೋಗಿ ಕೂತಳು.

ನಿನ್ನೆ ಬೆಳಿಗ್ಗೆ ಗೇಟಿನಲ್ಲೇ ತಡೆದು ಇಂಗ್ಲಿಷಿನ ಕಾಗದ ಕೊಟ್ಟರು. ಎನ್‌ಕ್ವೈರಿ ಮುಗಿಯುವವರೆಗೆ ಸಸ್ಪೆಂಡ್ ಅಂತೆ. ಹೋದ ವರ್ಷವಷ್ಟೇ ಪರ್ಮನೆಂಟ್ ಆದವಳು.

ಬೆಳಗಿನಿಂದ ಎಡಗಣ್ಣು ಅದುರುತ್ತಿದೆ. ಹೆಂಗಸರಿಗೆ ಎಡಗಣ್ಣು ಅದುರಿದರೆ ಒಳ್ಳೆಯದು ಅನ್ನುತ್ತಾರೆ. ಆದರೆ ಈಗ ಬಲಗಣ್ಣೂ ಅದುರಿದ ಹಾಗಾಯಿತು.

ಸೆಪ್ಟೆಂಬರ್ 3, ಮಂಗಳವಾರ

ಕಾಗದವನ್ನು ಮೇಘಾ ಓದಿದರು. ನಮ್ಮ ಹಿಂದಿನ ರೂಮಿನಲ್ಲಿ ಬಾಡಿಗೆಗೆ ಇದ್ದಾರೆ. ಹಾವೇರಿ ಕಡೆಯವರು, ಆಫೀಸಿನಲ್ಲಿ ಕೆಲಸ. ಉದ್ದ ಕಾಗದವಾದರೂ ವಿಷಯವೆಲ್ಲ ಒಂದೇ ಮಾತಿನಲ್ಲಿದೆ ಅಂದರು. ಸೂಪರ್‌ವೈಸರ್ ಹೇಳಿದ ಕೆಲಸವನ್ನು ಮುನಿಯಮ್ಮ ‘ರೆಫ್ಯೂಸ್ಡ್’.

ಕೆಟ್ಟ ಮಾತೇನೋ ಅಂದುಕೊಂಡೆ. ಹಾಗೇನಿಲ್ಲವಂತೆ. "ನೀವು ಒಲ್ಲೆ ಅಂದ್ರಿ ಅಂತ ಬರದಾರ ಅಕ್ಕಾರ, ಅಷ್ಟ" ಅಂದರು.

ಅಲ್ಲಿಂದ ನನ್ನ ತಲೆ ತಿರುಗಲು ಶುರುವಾಯಿತು. ನಾನು ಒಲ್ಲೆ ಅನ್ನಲಿಲ್ಲ. ಏನನ್ನೂ ಅನ್ನಲಿಲ್ಲ. ಬಾಯಿಯನ್ನೇ ಬಿಡದವಳು ಅದು ಹೇಗೆ ರೆಫ್ಯೂಸ್ಡ್ ಆಗುತ್ತಾಳೆ ಎಂದು ಕೇಳಿದೆ. ಮೇಘಾ ಡಿಕ್ಷನರಿ ತಂದರು. ಹುಡುಗ ಹೆಣ್ಣನ್ನು ನೋಡಿ ಬೇಡ ಅಂದ, ಬ್ಯಾಂಕಿನವರು ಸಾಲ ಕೊಡುವುದಿಲ್ಲ ಅಂದರು, ಸಾಹೇಬರು ರಜೆ ಕೊಡಲಿಲ್ಲ, ಇದಕ್ಕೆಲ್ಲ ಅದೇ ಮಾತು ಬಳಸುತ್ತಾರಂತೆ. ನನಗೆ ಒಂದು ಅನ್ನಿಸಿತು. ರೆಫ್ಯೂಸ್ ಮಾಡಿದವರೆಲ್ಲ ಕುರ್ಚಿಯ ಮೇಲೆ ಕೂತವರೇ. ನಿಂತವರು ಯಾರಾದರೂ ಮಾಡಿದ್ದಾರಾ ಅಂತ ಕೇಳಿದೆ. ಮೇಘಾ ನಕ್ಕರು. ಆಮೇಲೆ ಯೋಚಿಸಿ, ಅವರ ಅಕ್ಕನ ಕೂಸು ಹಾಲು ಕುಡಿಯದ ಕತೆ ಹೇಳಿದರು. ಅದಕ್ಕೂ ಇಂಗ್ಲಿಷಿನಲ್ಲಿ ಹೀಗೇ ಅನ್ನುತ್ತಾರಂತೆ.

"ಕೂಸಿಗೆ ಮಾತು ಬರ್ತದಾ?"

"ಮಾತ್ಯಾಕ ಬೇಕ್ರಿ? ಮಾರಿ ಹೊಳ್ಳಸತೈತಿ. ಮುಗೀತು."

ಮುಖ ತಿರುಗಿಸಿದರೂ ಸಾಕಂತೆ. ಅಂದರೆ ಸುಮ್ಮನೆ ನಿಂತದ್ದೂ ಲೆಕ್ಕಕ್ಕೆ ಬರುತ್ತದೆ. ನಾನು ಯಾರಿಗೂ ಯಾವತ್ತೂ ಆಗಲ್ಲ ಅಂದವಳಲ್ಲ. ನಮ್ಮ ಕಡೆ ಒಲ್ಲೆ ಅನ್ನುವ ಮಾತೇ ಬಳಕೆಯಲ್ಲಿಲ್ಲ. ಆಗಲ್ಲ ಅನ್ನುತ್ತೇವೆ, ಕೈಲಾಗಲ್ಲ ಅನ್ನುತ್ತೇವೆ. ಕೈಲಾಗಲ್ಲ ಅಂದರೆ ಶಕ್ತಿ ಇಲ್ಲ ಅಂತ, ಕೇಳಿದವರಿಗೆ ಅಯ್ಯೋ ಅನ್ನಿಸುತ್ತದೆ. ಮಾಡಲ್ಲ ಅಂತಲೂ ಒಂದು ಮಾತಿದೆ, ಅದನ್ನು ಅಂದರೆ ಹೊಡೆಯಲು ಬರುತ್ತಾರೆ. ನನ್ನ ಮೇಲೆ ಬರೆದಿರುವುದು ಈ ಕೊನೆಯದು.

ಸೆಪ್ಟೆಂಬರ್ 5, ಗುರುವಾರ

ಅತ್ತೆಗೆ ಪೂಜೆಯ ವಿಷಯ ಇವತ್ತು ಗೊತ್ತಾಯಿತು. ಬೆಳಿಗ್ಗೆಯಿಂದ ಬಿಟ್ಟಿಲ್ಲ. "ಪೂಜೆ ಮಾಡಿದ್ ಮಿಸನ್ನು ಕಣೇ. ದ್ಯಾವ್ರ ಮುಂದೆ ಅಂಗೆ ಕೈ ಮುಚ್ಕಂಡು ನಿಂತ್ಕಂಡ್ರೆ ಒಳ್ಳೇದಾಯ್ತದಾ?" ನನಗೂ ಅದೇ ಭಯ. ದೇವಸ್ಥಾನಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದೆ. ಯಾವ ತಪ್ಪಿಗೆ ಎಂದು ಹೇಳಿಕೊಳ್ಳಲು ಹೋಗಿ ತೊದಲಿದೆ. ಮಾರಕ್ಕ ಆ ಪ್ರೆಸ್ಸಿಗೆ ದಿನಾ ಕೈಮುಗಿದೇ ಕೂರುತ್ತಿದ್ದಳು.

ಇವರು ಅಂದರೆ ನಮ್ಮ ಯಜಮಾನರು, ನಲ್ಲಪ್ಪ. ಲಗೇಜ್ ಆಟೋ ಓಡಿಸುತ್ತಾರೆ. ಬೈಯುವವರಲ್ಲ, ಆದರೆ ಬಾಯಿಯಲ್ಲಿ ನಿಟ್ಟುಸಿರು ಇಟ್ಟುಕೊಂಡು ಓಡಾಡುತ್ತಾರೆ. ಆಟೋಗೆ ಬಾಡಿಗೆ ಸಿಕ್ಕಿದ ದಿನ ಉಂಟು, ಇಲ್ಲದ ದಿನ ಇಲ್ಲ. ಮನೆ ನಿಂತಿರುವುದು ನನ್ನ ಕೆಲಸದ ಮೇಲೆ. ಒಂದು ಮಾತು ತಪ್ಪಾಯ್ತು ಅಂದುಬಿಡು, ಏನು ಕಿರೀಟ ಬಿದ್ದುಹೋಗುತ್ತಾ ಅಂದರು. ನಾನೂ ಹೂಂ ಅಂದೆ.

ಸೆಪ್ಟೆಂಬರ್ 8, ಭಾನುವಾರ

ಕೊಟ್ರಪ್ಪ ಸಾರ್ ಮನೆಗೇ ಬಂದಿದ್ದರು. ಅತ್ತೆ ಚಾಪೆ ಹಾಸುವುದೋ ಕುರ್ಚಿ ಹಾಕುವುದೋ ತಿಳಿಯದೆ ಎರಡನ್ನೂ ಹಾಕಿದರು. ಅವರು ಕೆಟ್ಟವರಲ್ಲ. ಮಾರಕ್ಕನನ್ನು ಆಸ್ಪತ್ರೆಗೆ ಎತ್ತಿಕೊಂಡು ಓಡಿದವರು ಅವರೇ. ಷರ್ಟೆಲ್ಲ ರಕ್ತವಾಗಿತ್ತು.

ಟೈಪ್ ಮಾಡಿದ ಕಾಗದ ತಂದಿದ್ದರು. "ನೋಡಮ್ಮ ಮುನಿಯಮ್ಮ, ಮ್ಯಾಲಿನವರು ನನ್ನ ಕುತ್ತಿಗಿ ಹಿಡದಾರ. ಇದಕ್ಕೊಂದು ಸಹಿ ಹಾಕು, ನಾಳೆ ಬಂದು ಕೆಲಸಕ್ಕ ಕುಂದ್ರು. ಎನ್‌ಕ್ವೈರಿ ಗಿನ್‌ಕ್ವೈರಿ ಏನೂ ಇಲ್ಲ."

ಎಲ್ಲಿ ಕೂರಬೇಕು ಸಾರ್ ಅಂತ ಕೇಳಿದೆ. ಅವರು ಹೊರಗಿದ್ದ ತುಳಸಿಕಟ್ಟೆಯ ಕಡೆ ನೋಡಿಕೊಂಡು, ಅದ ಪ್ರೆಸ್ಸಿಗೆ, ಒಬ್ಬಾಕಿ ಕುಂತು ತೋರಿಸಿದ್ರ ಉಳಿದವರಿಗೆ ಧೈರ್ಯ ಬರತೈತಿ ಅಂದರು.

ಕಾಗದವನ್ನು ಮೇಘಾ ಓದಿ ಹೇಳಿದರು. ಅದರಲ್ಲಿಯೂ ಅದೇ ಮಾತು ಇದೆ. ನಾನು ರೆಫ್ಯೂಸ್ಡ್, ಅದು ನನ್ನ ತಪ್ಪು, ಅದಕ್ಕೆ ವಿಷಾದವಿದೆ, ಮುಂದೆಂದೂ ಹಾಗೆ ಮಾಡುವುದಿಲ್ಲ. ಇವರು ಪೆನ್ನು ಹುಡುಕಿ ತಂದುಕೊಟ್ಟರು. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಗುರುವಾರ ಅಮಾವಾಸ್ಯೆ ಇದೆ ಸಾರ್, ಅದು ಕಳೆಯಲಿ, ಹಿಂದೆ ಮುಂದೆ ಇರುವಾಗ ಸಹಿ ಗಿಹಿ ಬೇಡ ಅಂದೆ. ಎಲ್ಲಿಂದ ಬಂತೋ ಆ ಮಾತು. ಅದಕ್ಕೆ ಅವರೂ ಏನೂ ಅನ್ನುವ ಹಾಗಿರಲಿಲ್ಲ. ಅತ್ತೆ ಹೌದೌದು ಅಂದುಬಿಟ್ಟರು. ಕಾಗದ ಇಟ್ಟು ಹೋದರು.

ಸೆಪ್ಟೆಂಬರ್ 13, ಶುಕ್ರವಾರ

ಅಮಾವಾಸ್ಯೆ ಕಳೆಯಿತು. ಸಹಿ ಹಾಕಿಲ್ಲ. ಹಬ್ಬ ಮುಗಿಯಲಿ ಅಂದಿದ್ದೇನೆ. ನೆಪಗಳೂ ಮುಗಿಯುತ್ತಾ ಬಂದವು.

ಸೆಪ್ಟೆಂಬರ್ 15, ಭಾನುವಾರ, ಗೌರಿಹಬ್ಬ

ಮಾರಕ್ಕನಿಗೆ ಬಾಗಿನ ಕೊಡಲು ರಾಜಗೋಪಾಲನಗರಕ್ಕೆ ಹೋಗಿದ್ದೆ. ಅವಳ ಮನೆಯ ಬೀದಿಯ ತುದಿಯಲ್ಲಿ ಎರಡು ಸಲ ತಿರುಗಿ ವಾಪಸ್ಸು ಹೊರಟು, ಮತ್ತೆ ಬಂದೆ. ಅವಳ ಕೈ ನೋಡಲು ಆಗದೇನೋ ಎಂಬ ಅಂಜಿಕೆ.

ಬಾಗಿನದ ಮೊರವನ್ನು ಸೆರಗು ಮುಚ್ಚಿ ಎರಡೂ ಕೈಯಲ್ಲಿ ಹಿಡಿದು ಕೊಡಬೇಕು, ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು. ಅವಳ ಕಡೆಯಿಂದ ಮೊರ ಒಂದು ಬದಿಗೆ ವಾಲಿತು. ಅಕ್ಕಿ ಚೆಲ್ಲಿತು. ನಾನು ಹಿಡಿಯಲು ಹೋದೆ, ಅವಳೇ ಮೊಣಕೈಯಿಂದ ಒತ್ತಿ ಹಿಡಿದಳು. ಚೆಲ್ಲಿದ್ದನ್ನು ಇಬ್ಬರೂ ಆಯ್ದೆವು. ಅವಳು ಹೆಬ್ಬೆರಳಿನಲ್ಲಿ ಒಂದೊಂದೇ ಕಾಳನ್ನು ಅಂಗೈಗೆ ತಳ್ಳಿಕೊಳ್ಳುತ್ತಿದ್ದಳು.

ಅವಳಿಗೂ ಒಂದು ಕಾಗದ ಬಂದಿದೆಯಂತೆ. ಅಜಾಗರೂಕತೆ ಅಂತ ಬರೆದಿದ್ದಾರಂತೆ. ಅವಳು ಅದನ್ನು ಕೋಪವಿಲ್ಲದೆ ಹೇಳಿದಳು. "ನಂಗೆ ಯಾರೂ ಬಲವಂತ ಮಾಡ್ಲಿಲ್ಲ ಮುನೀ. ಗಾರ್ಡ್ ಇಲ್ದಿರಾದು ನಂಗೂ ಕಾಣ್ತಿತ್ತು. ಕೂತ್ಕೊ ಅಂದ್ರು, ಕೂತ್ಕೊಂಡೆ."

ಬರುವಾಗ ದಾರಿಯಲ್ಲಿ ಯಾರೋ ಎದುರಿಗೆ ಸಿಕ್ಕಿ ಹಬ್ಬ ಜೋರಾ ಅಂದರು. ಉತ್ತರ ಕೊಟ್ಟೆನೋ ಇಲ್ಲವೋ ನೆನಪಿಲ್ಲ. ಮನೆಗೆ ಬಂದು ಕೊಟ್ರಪ್ಪ ಸಾರ್ ಇಟ್ಟು ಹೋದ ಕಾಗದದಿಂದ ಒಲೆ ಹಚ್ಚಿದೆ. ಸೀಮೆಎಣ್ಣೆ ಒಲೆ ಹತ್ತುತ್ತಿರಲಿಲ್ಲ, ಕೈಗೆ ಅದೇ ಸಿಕ್ಕಿತು.

ಸೆಪ್ಟೆಂಬರ್ 24, ಮಂಗಳವಾರ

ಬರೆಯುವಂಥದ್ದು ಏನೂ ಇಲ್ಲ. ನಾದಿನಿ ಚನ್ನಕ್ಕನ ಮನೆಯ ನಾಮಕರಣಕ್ಕೆ ಎರಡು ದಿನ ಮುಂಚೆ ಬಂದು ಅಡುಗೆಗೆ ನಿಲ್ಲಬೇಕು ಅಂತ ಹೇಳಿಕಳಿಸಿದ್ದರು. ಪ್ರತಿ ಸಲ ನಾನೇ ನಿಲ್ಲುವುದು. ನಾಮಕರಣದ ದಿನ ಬಂದು ಉಂಡು ಹೋಗುತ್ತೇನೆ ಅಂದೆ. ಅತ್ತೆ ನನ್ನ ಹಣೆ ಮುಟ್ಟಿ ನೋಡಿದರು. ನೀರಿನ ಟ್ಯಾಂಕರಿನ ಹತ್ತಿರ ಒಬ್ಬ ನನ್ನ ಬಿಂದಿಗೆ ಸರಿಸಿ ತನ್ನದು ಇಟ್ಟ. ನಾನು ಅವನದನ್ನು ಎತ್ತಿ ಹಿಂದೆ ಇಟ್ಟೆ. ಆಮೇಲೆ ಮನೆಗೆ ಬಂದು ಬಾಗಿಲ ಚಿಲಕ ಹಾಕಿಕೊಂಡೆ, ಅವನು ಹಿಂದೆಯೇ ಬಂದನೇನೋ ಅಂತ.

ಎನ್‌ಕ್ವೈರಿ ಅಕ್ಟೋಬರ್ ಹನ್ನೊಂದಕ್ಕೆ ಎಂದು ಕಾಗದ ಬಂದಿದೆ.

ಅಕ್ಟೋಬರ್ 6, ಭಾನುವಾರ

ಗಂಗಪ್ಪಣ್ಣ ಬಂದು ಪಾಠ ಹೇಳಿಕೊಟ್ಟರು. ಎನ್‌ಕ್ವೈರಿಯಲ್ಲಿ ನನ್ನ ಪರವಾಗಿ ಮಾತಾಡುವವರು ಅವರೇ. "ರೆಫ್ಯೂಸ್ಡ್ ಅನ್ನೋದನ್ನ ನಾವು ಸತ್ರೂ ಒಪ್ಪಬಾರದು ಕಣಮ್ಮ. ಒಪ್ಪಿದ್ರೆ ಕೇಸು ಅಲ್ಲಿಗೇ ಮುಗೀತು. ತಲೆ ಸುತ್ತು ಬಂತು, ಕರೆದಿದ್ದು ಕೇಳಿಸ್ಲಿಲ್ಲ, ಅಷ್ಟೇ ಹೇಳು."

ಹಾಗೇ ಹೇಳಿಸಿದರು. ನಾನು ಚೆನ್ನಾಗಿಯೇ ಹೇಳಿದೆ. ತಲೆ ಸುತ್ತು ಅಂದಾಗ ಗೋಡೆ ಹಿಡಿದುಕೊಂಡೆ ಕೂಡ. ಅವರು ಭೇಷ್ ಅಂದರು.

ಕಂಪನಿಯ ಕಡೆಯ ಸಾಕ್ಷಿ ಶಾಂತಿಯಂತೆ. ಆ ಹುಡುಗಿಗೆ ಅಪ್ಪ ಇಲ್ಲ, ಇನ್ನೂ ಪರ್ಮನೆಂಟ್ ಆಗಿಲ್ಲ. ಗಂಗಪ್ಪಣ್ಣ ಅವಳನ್ನು ನಾನು ನೋಡಿಕೊಳ್ಳುತ್ತೇನೆ ಅಂದರು. ಮುನಿಯಮ್ಮನ ಜಾಗಕ್ಕೆ ಕಣ್ಣು ಹಾಕಿ ಸುಳ್ಳು ಹೇಳುತ್ತಿದ್ದಾಳೆ ಎಂದು ಅವಳ ಬಾಯಿಂದಲೇ ಹೊರಡಿಸುತ್ತಾರಂತೆ.

ಅಕ್ಟೋಬರ್ 8, ಮಂಗಳವಾರ

ಮೇಘಾಗೆ ಪಾಠವನ್ನು ಒಪ್ಪಿಸಿದೆ. ಅವರು ಎಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು. ತಲೆ ಸುತ್ತು ಬಂದಿದ್ದು ನಿಜವಾದರೆ ಗಾರ್ಡಿನ ಮಾತು ಎಲ್ಲಿ ಬರುತ್ತದೆ ಅಂತ.

ಬಟ್ಟೆ ಒಗೆಯುತ್ತಾ ಅದನ್ನೇ ಯೋಚಿಸಿದೆ. ಬರುವುದೇ ಇಲ್ಲ. ನನಗೆ ತಲೆ ಸುತ್ತಿತು ಅಂದರೆ ಡಾಕ್ಟರ ಚೀಟಿ ಕೇಳುತ್ತಾರೆ, ಮುಗಿಯಿತು. ಕರೆದದ್ದು ಕೇಳಿಸಲಿಲ್ಲ ಅಂದರೆ ಕಿವಿ ಪರೀಕ್ಷೆ ಮಾಡಿಸು ಅನ್ನುತ್ತಾರೆ, ಮುಗಿಯಿತು. ರೆಫ್ಯೂಸ್ಡ್ ಅಂದರೆ ಮಾತ್ರ ಯಾರಾದರೂ ಯಾಕೆ ಅಂತ ಕೇಳಬೇಕಾಗುತ್ತದೆ. ಕೂಸು ಹಾಲು ಒಲ್ಲೆ ಅಂದರೂ ತಾಯಿ ಹಾಲನ್ನು ಮೂಸಿ ನೋಡುತ್ತಾಳೆ.

ಇಷ್ಟು ದಿನ ಆ ಮಾತನ್ನು ನನ್ನ ಮೈಮೇಲಿಂದ ಕೊಡವಿಹಾಕಲು ಒದ್ದಾಡಿದೆ. ಬೇರೆ ಯಾವ ಮಾತೂ ಆವತ್ತು ಆದದ್ದಕ್ಕೆ ಸರಿಹೊಂದುವುದಿಲ್ಲವಲ್ಲ. ಭಯವಾಯಿತು ಅಂದರೆ ಅರ್ಧ. ಭಯ ಮಾರಕ್ಕನಿಗೂ ಇತ್ತು, ಶಾಂತಿಗೂ ಇತ್ತು.

ಆದರೆ ಕೆಲಸ ಹೋದರೆ? ಬಟ್ಟೆಯನ್ನೆಲ್ಲ ಎರಡೆರಡು ಸಲ ಜಾಲಿಸಿದ್ದೇನೆ.

ಅಕ್ಟೋಬರ್ 11, ಶುಕ್ರವಾರ

ಪೂರ್ತಿ ಬರೆಯುತ್ತೇನೆ.

ಎನ್‌ಕ್ವೈರಿ ನಡೆದದ್ದು ಆಫೀಸಿನ ಮೇಲಿನ ರೂಮಿನಲ್ಲಿ. ಹೊರಗಿನಿಂದ ಕರೆಸಿದ ಲಾಯರು ಎನ್‌ಕ್ವೈರಿ ಆಫೀಸರ್. ವಯಸ್ಸಾದವರು, ಮೇಜಿನ ಮೇಲೆ ಮಾತ್ರೆಯ ಡಬ್ಬಿ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಟೈಪ್ ಮಾಡುವ ಹೆಂಗಸು. ಕಂಪನಿಯ ಕಡೆಯಿಂದ ಮಾತಾಡಲು ಪರ್ಸೊನೆಲ್ ಡಿಪಾರ್ಟ್‌ಮೆಂಟಿನ ಬಾಲಾಜಿ ಸಾರ್. ಬಾಗಿಲ ಹತ್ತಿರ ಕೊಟ್ರಪ್ಪ ಸಾರ್. ನನಗೂ ಒಂದು ಕುರ್ಚಿ ಹಾಕಿದ್ದರು. ಅದರ ತುದಿಯಲ್ಲಿ ಕೂತೆ. ಎಲ್ಲರೂ ಕನ್ನಡದಲ್ಲಿ ಮಾತಾಡುವುದು, ಲಾಯರು ಅದನ್ನು ಇಂಗ್ಲಿಷಿನಲ್ಲಿ ಹೇಳುವುದು, ಆ ಹೆಂಗಸು ಟಪಟಪ ಒತ್ತುವುದು. ಒಂದೊಂದು ಹಾಳೆ ಮುಗಿದ ಮೇಲೂ ಎಲ್ಲರೂ ಸಹಿ ಹಾಕಬೇಕು. ಸಹಿ ಇಲ್ಲದ ಹಾಳೆಗೆ ಬೆಲೆ ಇಲ್ಲ ಎಂದು ಗಂಗಪ್ಪಣ್ಣ ಮೊದಲೇ ಹೇಳಿದ್ದರು.

ಕೊಟ್ರಪ್ಪ ಸಾರ್ ಹೇಳಿದ್ದು ಮೊದಲು. ಕರೆದೆ, ಬರಲಿಲ್ಲ ಅಂದರು. ಆಮೇಲೆ ಶಾಂತಿ ಬಂದಳು. ನನ್ನ ಕಡೆ ನೋಡಲಿಲ್ಲ. ಬಾಲಾಜಿ ಸಾರ್, ಮುನಿಯಮ್ಮ ರೆಫ್ಯೂಸ್ ಮಾಡಿದರಾ ಎಂದು ಕೇಳಿದರು. ಹೌದು ಸಾರ್ ಅಂದಳು. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದಳು.

ಗಂಗಪ್ಪಣ್ಣ ಕನ್ನಡಕ ಸರಿಮಾಡಿಕೊಂಡು ಶುರುಮಾಡಿದರು. ಆ ಪ್ರೆಸ್ಸಿಗೆ ಹೋದ ಮೇಲೆ ನಿನ್ನನ್ನು ಪರ್ಮನೆಂಟ್ ಮಾಡುತ್ತೇವೆ ಅಂದಿದ್ದಾರಾ ಅಂತ ಕೇಳಿದರು. ಶಾಂತಿ ಬಾಲಾಜಿ ಸಾರ್ ಕಡೆ ನೋಡಿದಳು. ಹಾಗಾದರೆ ನೀನು ಹೇಳುತ್ತಿರುವುದು ಸುಳ್ಳು ಅಲ್ಲವೇ, ಮುನಿಯಮ್ಮನ ಬಾಯಿಂದ ಒಂದು ಮಾತಾದರೂ ಬಂದದ್ದನ್ನು ಕೇಳಿದೆಯಾ ಅಂದರು. ಅವಳ ಕಣ್ಣು ತುಂಬಿತು. ಇಲ್ಲ ಅಂದರೆ ಸುಳ್ಳುಗಾತಿ, ಹೌದು ಅಂದರೂ ಸುಳ್ಳುಗಾತಿ. ಎರಡರಲ್ಲಿ ಯಾವುದನ್ನು ಅಂದರೂ ಅವಳ ಕೆಲಸ ಹೋಗುವಂಥದ್ದು.

ನಾನು ಗಂಗಪ್ಪಣ್ಣನ ತೋಳು ಹಿಡಿದು ಎಳೆದೆ.

"ಅವಳನ್ನ ಬಿಡಿ ಗಂಗಪ್ಪಣ್ಣ. ಅವಳು ಸುಳ್ಳು ಹೇಳಿಲ್ಲ."

ಟಪಟಪ ನಿಂತಿತು. ಗಂಗಪ್ಪಣ್ಣ ನನ್ನ ಕಿವಿಯ ಹತ್ತಿರ ತಲೆಸುತ್ತು, ತಲೆಸುತ್ತು ಅಂದರು. ನಿಜವಾಗಿಯೂ ತಲೆ ಸುತ್ತುತ್ತಿತ್ತು. ಲಾಯರು ನನ್ನನ್ನೇ ನೋಡಿ, "ಹಾಗಾದ್ರೆ ಒಪ್ಕೋತೀಯೇನಮ್ಮ?" ಅಂದರು.

"ಒಪ್ಕೊಳ್ಳೋದಲ್ಲ ಸಾರ್, ಹೇಳ್ತಿದೀನಿ. ರೆಫ್ಯೂಸ್ಡ್. ಗಾರ್ಡ್ ಇಲ್ಲದ ಪ್ರೆಸ್ಸಲ್ಲಿ ಕೂರಲ್ಲ ಅಂತ ನಿಂತೆ. ಬಾಯಲ್ಲಿ ಹೇಳ್ಲಿಲ್ಲ, ಈಗ ಹೇಳ್ತಿದೀನಿ."

ಬಾಲಾಜಿ ಸಾರ್ ಕುರ್ಚಿಗೆ ಒರಗಿ, ಆಯ್ತಲ್ಲ ಸಾರ್, ಇನ್ನೇನಿದೆ ಅಂದರು. ಮುಖ ಅರಳಿತ್ತು. ಲಾಯರು ಇಂಗ್ಲಿಷಿನಲ್ಲಿ ಹೇಳಿದರು, ಟೈಪಾಯಿತು. ಹಾಳೆಯನ್ನು ನನ್ನ ಮುಂದೆ ಇಟ್ಟರು. ಕನ್ನಡದಲ್ಲಿ ಓದಿ ಹೇಳಿ ಅಂದೆ. ಓದಿದರು. ಸೂಪರ್‌ವೈಸರ್ ಹೇಳಿದ ಕೆಲಸವನ್ನು ನಿರಾಕರಿಸಿದ್ದಾಗಿ ಮುನಿಯಮ್ಮ ಒಪ್ಪಿದ್ದಾರೆ. ಅಷ್ಟೇ.

"ಯಾಕೆ ಅನ್ನೋದು ಎಲ್ಲಿ ಸಾರ್?"

ಅದು ಇಲ್ಲಿ ಬೇಕಿಲ್ಲ ಅಂದರು ಬಾಲಾಜಿ ಸಾರ್. ಕೇಳಿದ್ದಕ್ಕೆ ಮಾತ್ರ ಉತ್ತರ ಬರೆಯುವುದಂತೆ.

ಪೆನ್ನು ಕೆಳಗಿಟ್ಟೆ. "ಹಂಗಿದ್ರೆ ನಾನು ಸಹಿ ಹಾಕಲ್ಲ. ಬರೀ ಆ ಮಾತೊಂದೇ ಬಿಟ್ರೆ ಇವಳು ಸೋಮಾರಿ ಅಂತ ಓದ್ಕೋತಾರೆ. ಗಾರ್ಡ್ ಇರಲಿಲ್ಲ ಅನ್ನೋದನ್ನ ಅದರ ಪಕ್ಕದಲ್ಲೇ ಬರೀರಿ. ಮಾರಕ್ಕನ ಬೆರಳು ಅದೇ ಪ್ರೆಸ್ಸಲ್ಲಿ ಹೋಯ್ತು ಅಂತಲೂ ಬರೀರಿ. ಬರೆದ್ರೆ ಹಾಕ್ತೀನಿ."

ಬಾಲಾಜಿ ಸಾರ್, ನೋಡಿ ಸಾರ್, ಇದನ್ನೂ ರೆಫ್ಯೂಸ್ ಮಾಡ್ತಿದ್ದಾಳೆ ಅಂದರು. ಹೌದು ಸಾರ್, ಇದನ್ನೂ ಸೇರಿಸಿ ಬರೆಸಿ ಅಂದೆ. ಟೈಪಿನ ಹೆಂಗಸು ಬಾಯಿಗೆ ಕರ್ಚೀಫ್ ಇಟ್ಟುಕೊಂಡಳು.

ಲಾಯರು ಒಂದು ಮಾತ್ರೆ ನುಂಗಿದರು. ನೀರು ಕುಡಿದರು. ಆಮೇಲೆ ಕೊಟ್ರಪ್ಪ ಸಾರ್ ಕಡೆ ತಿರುಗಿ ಆವತ್ತು ಗಾರ್ಡ್ ಇತ್ತೇನ್ರಿ ಎಂದು ಕೇಳಿದರು. ಬಾಲಾಜಿ ಸಾರ್ ಅವರನ್ನು ದುರುಗುಟ್ಟಿ ನೋಡಿದರು. ಕೊಟ್ರಪ್ಪ ಸಾರ್ ಲಾಯರ ಕಡೆಗೇ ತಿರುಗಿ ಹೇಳಿದರು.

"ಇತ್ರಿ ಸಾರ್. ಗ್ವಾಡಿಗೆ ಇತ್ತು."

ಅದೂ ಟೈಪಾಯಿತು. ಮತ್ತೆ ಓದಿಸಿಕೊಂಡೆ. ಗಾರ್ಡ್ ಎಂಬ ಮಾತು ಬಂದಲ್ಲೆಲ್ಲ ಬೆರಳಿಟ್ಟು ತೋರಿಸಿ ಅಂದೆ, ತೋರಿಸಿದರು. ಸಹಿ ಹಾಕಿದೆ.

ಅಕ್ಟೋಬರ್ 12, ಶನಿವಾರ

ಗಂಗಪ್ಪಣ್ಣ ನನ್ನ ಮೇಲೆ ಬಹಳ ಕೋಪ ಮಾಡಿಕೊಂಡಿದ್ದಾರೆ. ಗೆಲ್ಲುವ ಕೇಸನ್ನು ಹಾಳುಮಾಡಿದೆಯಂತೆ. ಇವರು ಮುದ್ದೆ ತಾವೇ ಬಡಿಸಿಕೊಂಡರು. ನಾನು ಹೊಟ್ಟೆತುಂಬ ಉಂಡೆ. ಬಹಳ ದಿನದ ಮೇಲೆ ಹಸಿವಾಗಿತ್ತು.

ಅಕ್ಟೋಬರ್ 19, ಶನಿವಾರ

ಶಾಂತಿ ಮನೆಗೆ ಬಂದಿದ್ದಳು. ಬಾಗಿಲಲ್ಲೇ ನಿಂತಳು, ಒಳಗೆ ಕರೆದರೆ ಬಂದಳು. ನಾಳೆ ಆಯುಧಪೂಜೆ ಅಂತ ಇವತ್ತು ಮಿಷನ್ನುಗಳನ್ನೆಲ್ಲ ತೊಳೆಸಿದರಂತೆ. ಬುಧವಾರವೇ ಗಂಗಪ್ಪಣ್ಣನನ್ನು ಕರೆಸಿ ಮೂಲೆಯ ಪ್ರೆಸ್ಸಿಗೆ ಗಾರ್ಡ್ ಹಾಕಿಸಿದ್ದಾರೆ. ಹಳದಿ ಬಣ್ಣವನ್ನೂ ಬಳಿದಿದ್ದಾರಂತೆ. ಯಾಕೆ ಎಂದು ಯಾರೂ ಹೇಳಲಿಲ್ಲವಂತೆ, ಆದರೆ ಕಾಗದದಲ್ಲಿ ಬಂದುಬಿಟ್ಟಿದೆ, ಇನ್ನೊಬ್ಬರ ಕೈ ಹೋದರೆ ನಮ್ಮ ತಲೆಗೆ ಬರುತ್ತದೆ ಎಂದು ಬಾಲಾಜಿ ಸಾರ್ ಫೋನಿನಲ್ಲಿ ಅಂದದ್ದನ್ನು ಟೈಪಿನ ಹೆಂಗಸು ಕೇಳಿಸಿಕೊಂಡು ಬಂದು ಹೇಳಿದ್ದಾಳೆ.

"ಕೆಲಸ ನಿಧಾನ ಆಗತ್ತೆ ಅಕ್ಕ, ಬೈತಾರೆ. ಬೈಸ್ಕೋತೀನಿ."

ಅವಳಿಗೆ ಕಾಫಿ ಮಾಡಿಕೊಟ್ಟೆ. ಅವತ್ತಿನ ಎನ್‌ಕ್ವೈರಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೋಗುವಾಗ ಅವಳ ಜಡೆಗೆ ಕನಕಾಂಬರ ಮುಡಿಸಿದೆ.

ನವೆಂಬರ್ 5, ಮಂಗಳವಾರ

ಆರ್ಡರ್ ಬಂತು. ಕೆಲಸದಿಂದ ತೆಗೆದುಹಾಕಿದ್ದಾರೆ. ಮೇಘಾ ಓದುವಾಗ ನಾನೇ ಮಧ್ಯದಲ್ಲಿ ಆ ಮಾತನ್ನು ಗುರುತು ಹಿಡಿದೆ. ಈಗ ನೋಡಿದರೆ ಗೊತ್ತಾಗುತ್ತದೆ, ಆರ್ ಅಕ್ಷರದಿಂದ ಶುರು, ನಡುವೆ ಒಂದು ಎಫ್ ನಿಂತಿರುತ್ತದೆ. ತಾನಾಗಿಯೇ ಹೇಳಿದ್ದಾಳೆ ಎಂದು ಅದರ ಕೆಳಗೆ ಗೆರೆ ಹಾಕಿದ್ದಾರೆ.

ಇವರು ಮೇಘಾ ಕೈಯಲ್ಲಿ ಎರಡು ಸಲ ಓದಿಸಿದರು. ಆಮೇಲೆ ಆಟೋ ತೊಳೆಯಲು ಹೋದರು, ನಿನ್ನೆ ತಾನೇ ತೊಳೆದಿದ್ದರು. ಅಳು ಬಂತು. ಮಿಷನ್ನಿನ ಸದ್ದು, ಊಟದ ಬೆಲ್ಲು, ಎಲ್ಲರೂ ಡಬ್ಬಿ ಬಿಚ್ಚಿ ಸಾರು ಹಂಚಿಕೊಳ್ಳುತ್ತಿದ್ದದ್ದು, ಎಲ್ಲ ಹೋಯಿತು. ಅತ್ತುಕೊಂಡೇ ಅನ್ನಕ್ಕೆ ಇಟ್ಟೆ.

ಗಂಗಪ್ಪಣ್ಣ ಕೋಪ ಬಿಟ್ಟು ಬಂದಿದ್ದರು. ಲೇಬರ್ ಕೋರ್ಟಿಗೆ ಹೋಗೋಣ, ವರ್ಷಗಟ್ಟಲೆ ಹಿಡಿಯಬಹುದು ಅಂದರು. ಹೋಗೋಣ ಅಂದೆ. ಅಲ್ಲಿ ಏನು ಹೇಳುತ್ತೀಯ ಎಂದು ಕೇಳಿದರು. ಅದನ್ನೇ ಅಂದೆ.

ಸಾಯಂಕಾಲ ಎದುರುಮನೆಯವರು, ಸೊಸೆ ಕೆಲಸ ಯಾಕೆ ಹೋಯಿತು ಎಂದು ಅತ್ತೆಯನ್ನು ವಿಚಾರಿಸಿದರು. ಒಳಗಿನಿಂದ ಕೇಳಿಸಿಕೊಂಡೆ. ನಾನು ಕಾದದ್ದು ಬೇರೆ ಉತ್ತರಕ್ಕೆ. "ಮಿಸನ್ನು ಸರಿಯಾಗಿರ್ನಿಲ್ಲ. ಕೂರಾಕಿಲ್ಲ ಅಂದ್ಲು. ನೀನಾಗಿದ್ರೆ ಕೂತಿರ್ತಿದ್ದಾ?" ಎಂದು ಕೇಳಿ ಅತ್ತೆ ಬಾಗಿಲು ಹಾಕಿಕೊಂಡು ಬಂದರು. ಒಳಗೆ ಬಂದವರು ನನಗೆ ಬೈದರು, ಹಾಲು ಉಕ್ಕಿಸಿದ್ದಕ್ಕೆ.

ನವೆಂಬರ್ 14, ಗುರುವಾರ

ಇವರು ಆಟೋದಲ್ಲಿ ಸಾಮಾನು ಇಳಿಸುವ ಒಂದು ಸಣ್ಣ ವರ್ಕ್‌ಶಾಪು ನಾಗಸಂದ್ರದ ಕಡೆ ಇದೆ. ಪ್ರೆಸ್ ಗೊತ್ತಿರುವ ಹೆಂಗಸರು ಬೇಕಂತೆ, ಕರೆದುಕೊಂಡು ಹೋದರು. ಹಳೇ ಕೆಲಸ ಯಾಕೆ ಬಿಟ್ಟೆ ಅಂತ ಕೇಳಿದರೆ ಮೈಗೆ ಹುಷಾರಿರಲಿಲ್ಲ ಅನ್ನು ಎಂದು ದಾರಿಯುದ್ದಕ್ಕೂ ಹೇಳಿದರು.

ಮಾಲೀಕರು ಕೇಳಿದ್ದೂ ಅದನ್ನೇ. ಬಿಡಲಿಲ್ಲ ಸಾರ್, ತೆಗೆದರು, ಗಾರ್ಡ್ ಇಲ್ಲದ ಪ್ರೆಸ್ಸಿನಲ್ಲಿ ಕೂರಲ್ಲ ಅಂದಿದ್ದೆ ಅಂದೆ. ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಹತ್ತು ಬೆರಳೂ ಇವೆಯಲ್ಲ, ಅಷ್ಟು ಸಾಕು, ಇಲ್ಲಿ ಎಲ್ಲ ಮನೆಯವರ ಹಾಗೆ, ನಾಳೆಯಿಂದಲೇ ಬಾ ಅಂದರು.

ಮಿಷನ್ ನೋಡಬೇಕು ಅಂದೆ. ಒಳಗೆ ಕರೆದುಕೊಂಡು ಹೋದರು. ಗಾರ್ಡ್ ಇದೆಯಮ್ಮ, ಅರ್ಜೆಂಟ್ ಇದ್ದಾಗ ಮಾತ್ರ ಬಿಚ್ಚುತ್ತೇವೆ ಅಂದರು. ಅರ್ಜೆಂಟ್ ಯಾವಾಗ ಇರುತ್ತದೆ ಅಂತ ಕೇಳಿದೆ. ಪ್ರೆಸ್ಸಿನಲ್ಲಿ ಕೂತಿದ್ದ ಹುಡುಗಿ ತಲೆ ಎತ್ತದೆ, "ದಿನಾ ಇರುತ್ತೆ ಅಕ್ಕ" ಅಂದಳು.

ಹೊರಗೆ ಬಂದೆ. ಇವರು ಆಟೋದಲ್ಲೇ ಕೂತಿದ್ದರು. ಆಯಿತಾ ಅಂದರು. ಅವರು ಕೆಲಸ ಕೊಟ್ಟರು, ನಾನು ತೆಗೆದುಕೊಳ್ಳಲಿಲ್ಲ ಅಂದೆ. ಈಗ ಬೈಯುತ್ತಾರೆ ಅಂದುಕೊಂಡೆ, ಬೈದರೆ ಬೈಯಲಿ ಅಂದುಕೊಂಡೆ.

ಆಟೋ ಸ್ಟಾರ್ಟ್ ಮಾಡಿ ಮನೆಯ ಕಡೆ ತಿರುಗಿಸದೆ ಮುಂದಕ್ಕೆ ಬಿಟ್ಟರು. ನಾಲ್ಕು ಶೆಡ್ಡು ದಾಟಿ ಇನ್ನೊಂದು ಗೇಟಿನ ಮುಂದೆ ನಿಲ್ಲಿಸಿದರು. ಒಳಗಿನಿಂದ ಪ್ರೆಸ್ಸಿನ ಸದ್ದು ಕೇಳುತ್ತಿತ್ತು.

"ಮೊದ್ಲು ಮಿಷನ್ ನೋಡು. ಮಾತು ಆಮೇಲೆ ಆಡು" ಅಂದರು.

ಇಳಿದು ಒಳಗೆ ಹೋದೆ.